ಹೊಸ್ತಿಲಲ್ಲಿ ನಿಂತ ಅಭಿಮಾನ

ಸ್ನೇಹಿತರೆ,

‘ಅಭಿಮಾನ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಗರ್ವವೆಂಬ ಅರ್ಥವೂ ಉಂಟು. ಕನ್ನಡಿಗರು ಅದನ್ನು ಪ್ರೀತಿಯ ಕಡೆಗೆ ವಾಲಿಸಿಕೊಂಡು ಬಳಸುತ್ತ ಬಂದಿದ್ದಾರೆ. ಆದರೆ ಹೊರಭಾಷೆಯ ಚಿತ್ರವೋ ಸರಣಿಯೋ ಕನ್ನಡಕ್ಕೆ ಬರುವ ಮಾತೆದ್ದಾಗ, ಅದನ್ನು ಮೊದಲೇ ನೋಡಿ ಮೆಚ್ಚಿದವರ ಬಳಗದಲ್ಲಿ ಆ ಹಳೆಯ ಅರ್ಥ ಮತ್ತೆ ತಲೆಯೆತ್ತುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಇದೇ ತುಮಕೂರಿನ ತರಗತಿಯೊಂದರಲ್ಲಿ ಪಾವಗಡದ ಕಡೆಯ ವಿದ್ಯಾರ್ಥಿನಿಯೊಬ್ಬಳು ತಾನು ಮೆಚ್ಚಿದ ಕೊರಿಯನ್ ಸರಣಿಯ ಬಗ್ಗೆ ಹೇಳುತ್ತ, “ಇದು ಕನ್ನಡದಲ್ಲಿ ಬಂದಿದ್ದರೆ ನಮ್ಮಮ್ಮನೂ ನೋಡ್ತಿದ್ದರು ಸರ್” ಎಂದಳು. ಸಹಪಾಠಿಗಳು ನಕ್ಕರು. ಕನ್ನಡದಲ್ಲಿ ಕೇಳಿದರೆ ಮೂಲದ ಸೊಗಸೇ ಹೋಗುತ್ತದೆ ಎಂಬುದು ಅವರ ವಾದ. ನಕ್ಕವರಲ್ಲಿ ಒಬ್ಬರಿಗೂ ಕೊರಿಯನ್ ಬರುತ್ತಿರಲಿಲ್ಲ. ಅವರು ಮೂಲವೆಂದು ನಂಬಿದ್ದು ಪರದೆಯ ಕೆಳಗೆ ಓದಿದ ಇಂಗ್ಲಿಷ್ ಸಾಲುಗಳನ್ನು. ಆ ಸಾಲುಗಳೂ ಯಾರೋ ಒಬ್ಬ ಅನುವಾದಕನು ಕೆಲವನ್ನು ಬಿಟ್ಟು, ಕೆಲವನ್ನು ಬದಲಿಸಿ, ಎರಡು ಸಾಲಿನ ಜಾಗದೊಳಗೆ ಹಿಡಿಸಿದ ಮಾತುಗಳೇ ಆಗಿದ್ದವು. ಇಂಗ್ಲಿಷಿನಲ್ಲಿ ನೋಡಿದರೆ ಮೂಲ, ಕನ್ನಡದಲ್ಲಿ ನೋಡಿದರೆ ಕಲಬೆರಕೆ ಎಂಬ ಈ ತೀರ್ಮಾನ ನನ್ನನ್ನು ಬಹಳ ನೋಯಿಸಿತು.

ಇಲ್ಲಿ ಸ್ವಲ್ಪ ವಿವರಕ್ಕೆ ಇಳಿಯಬೇಕು. ಕೊರಿಯನ್ನಿನಲ್ಲಿ ಹುಡುಗನೊಬ್ಬ ತನಗಿಂತ ಹಿರಿಯನನ್ನು ‘ಹ್ಯೊಂಗ್’ ಎನ್ನುತ್ತಾನೆ, ಹುಡುಗಿ ‘ಒಪ್ಪಾ’ ಎನ್ನುತ್ತಾಳೆ. ಇಂಗ್ಲಿಷಿನಲ್ಲಿ ಹಾಗೆ ಕರೆಯುವ ರೂಢಿಯಿಲ್ಲವಾದ್ದರಿಂದ ಅಲ್ಲಿನ ಅಭಿಮಾನಿಗಳು ಆ ಪದಗಳನ್ನು ಹಾಗೆಯೇ ಉಳಿಸಬೇಕೆಂದು ಹಟ ಹಿಡಿದರು. ಅವರ ಹಟಕ್ಕೆ ಕಾರಣವಿತ್ತು. ಅದೇ ಹಟವನ್ನು ನಾವು ಎರವಲು ತಂದರೆ ಅರ್ಥವಿಲ್ಲ, ಏಕೆಂದರೆ ಬೀದಿಯಲ್ಲಿ ಎದುರಾದ ಅಪರಿಚಿತನನ್ನೂ ಅಣ್ಣ ಎಂದು ಕರೆಯುವ ನಾಡು ನಮ್ಮದು. ‘ಹ್ಯೊಂಗ್’ ಇದ್ದಲ್ಲಿ ಬಹುಪಾಲು ‘ಅಣ್ಣ’ ಸಲೀಸಾಗಿ ಕೂರುತ್ತದೆ. ‘ಒಪ್ಪಾ’ ಮಾತ್ರ ಕಷ್ಟ: ಅದನ್ನು ಪ್ರೇಮಿಗೂ ಹೇಳುವುದರಿಂದ ಅಲ್ಲಿ ಅಣ್ಣ ಎಂದರೆ ಕತೆಯೇ ಕೆಡುತ್ತದೆ, ಅನುವಾದಕ ಬೇರೆ ದಾರಿ ಹುಡುಕಬೇಕು. ಇನ್ನೂ ಮುಖ್ಯವಾದದ್ದು ಗೌರವದ ಮಾತು ಮತ್ತು ಸಲುಗೆಯ ಮಾತಿನ ಭೇದ. ಕೊರಿಯನ್ ಕತೆಗಳಲ್ಲಿ ಒಬ್ಬರು ಒಂದರಿಂದ ಇನ್ನೊಂದಕ್ಕೆ ದಾಟುವ ಕ್ಷಣವೇ ಕತೆಯ ತಿರುವಾಗಿರುವುದುಂಟು. ಒಂದೇ ‘ಯೂ’ ಇರುವ ಇಂಗ್ಲಿಷಿನಲ್ಲಿ ಅದು ಸದ್ದಿಲ್ಲದೆ ಜಾರಿಹೋಗುತ್ತದೆ, ‘ನೀವು’ ಮತ್ತು ‘ನೀನು’ ಎರಡೂ ಇರುವ ಕನ್ನಡದಲ್ಲಿ ಉಳಿಯುತ್ತದೆ.

ಅನುವಾದವನ್ನು ಟೀಕಿಸಬಾರದೆಂದು ನಾನು ಹೇಳುತ್ತಿಲ್ಲ. ಯಾವ ಮನೆಯಲ್ಲೂ ಯಾರೂ ಆಡದ ಪುಸ್ತಕದ ಕನ್ನಡವನ್ನು ಪಾತ್ರಗಳ ಬಾಯಿಗೆ ತುರುಕುವ ಡಬ್ಬಿಂಗ್ ಸಾಕಷ್ಟಿದೆ. ಕೆಟ್ಟ ಸಾಲನ್ನು ತೋರಿಸಿ ಒಳ್ಳೆಯ ಸಾಲೊಂದನ್ನು ಕೊಡುವವನಿಗೆ ನಾನು ಕೈಮುಗಿಯುತ್ತೇನೆ. ಮೂಲ ಬಲ್ಲವನ ತಿಳಿವಳಿಕೆ ಅಲ್ಲಿ ಅನುವಾದಕ್ಕೆ ನೆರವಾಗುತ್ತದೆ. ಅದೇ ತಿಳಿವಳಿಕೆ ಇತರರನ್ನು ಹೊರಗಿಡಲು ಬಳಕೆಯಾದಾಗ ನನಗೆ ಒಪ್ಪಿಗೆಯಿಲ್ಲ.

ನಮ್ಮಲ್ಲಿ ಇದಕ್ಕೆ ದೊಡ್ಡ ಇತಿಹಾಸವೇ ಇದೆ. 1960ರ ದಶಕದಲ್ಲಿ ಡಬ್ಬಿಂಗ್ ಬೇಡವೆಂದವರ ಎದುರಿಗೆ ಎಳೆಯದಾಗಿದ್ದ ಕನ್ನಡ ಚಿತ್ರರಂಗದ ಅಳಿವು ಉಳಿವಿನ ಪ್ರಶ್ನೆಯಿತ್ತು, ಆ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ದಶಕಗಳು ಕಳೆದರೂ ಡಬ್ಬಿಂಗ್ ಚಿತ್ರಗಳಿಗೆ ಬಾಗಿಲು ತೆರೆಯಲಿಲ್ಲ. ಕನ್ನಡವೊಂದನ್ನೇ ಬಲ್ಲ ನೋಡುಗನಿಗೆ ಏನು ಬೇಕೆಂದು ಅವನನ್ನು ಯಾರೂ ಕೇಳಲಿಲ್ಲ. 2015ರಲ್ಲಿ, ಮಾರುಕಟ್ಟೆಯ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗವು ಇಂಥ ತಡೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. 2020ರಲ್ಲಿ ಅಂಬೇಡ್ಕರರ ಜೀವನ ಕುರಿತ ಹಿಂದಿ ಧಾರಾವಾಹಿ ‘ಮಹಾನಾಯಕ’ ಎಂಬ ಹೆಸರಿನಲ್ಲಿ ಜೀ ಕನ್ನಡದಲ್ಲಿ ಬಂದಾಗ, ಹಳ್ಳಿಹಳ್ಳಿಗಳಲ್ಲಿ ಜನರು ತಾವೇ ಹಣ ಹಾಕಿ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ಅಷ್ಟು ಕಾಲ ಯಾರೂ ಕೇಳದಿದ್ದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು ಎಂದೇ ನಾನು ಭಾವಿಸುತ್ತೇನೆ.

ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನಿಂದ ತಂದ ‘ಕರುಣಾಳು ಬಾ ಬೆಳಕೆ’ಯನ್ನು ಹಾಡುವ ಮಕ್ಕಳಿಗೆ ಮೂಲಕವಿ ನ್ಯೂಮನ್ನನ ಹೆಸರು ಗೊತ್ತಿರಬೇಕೆಂದು ಯಾರೂ ಷರತ್ತು ಹಾಕಿಲ್ಲ.

ಆ ವಿದ್ಯಾರ್ಥಿನಿಗೆ ನಾನು, ಒಂದೇ ಒಂದು ದೃಶ್ಯವನ್ನು ನಿಮ್ಮ ಮನೆಯ ಮಾತಿನಲ್ಲಿ ಬರೆದು ಅಮ್ಮನಿಗೆ ಓದಿ ಹೇಳು ಎಂದೆ. ಮೊದಲು ಕೊರಿಯನ್ ಮಾತಿನ ಧಾಟಿಯನ್ನು ಕಿವಿಗೊಟ್ಟು ಕೇಳಬೇಕೆಂದೂ ಹೇಳಿದೆ. ಆಕೆ ನಾಲ್ಕು ದಿನ ತೆಗೆದುಕೊಂಡಳು. ಪರದೆಯ ಮೇಲೆ ದೃಶ್ಯ ಓಡುತ್ತಿರಲು ಮಗಳು ಪಕ್ಕದಲ್ಲಿ ಕುಳಿತು ಓದುತ್ತಿದ್ದಳಂತೆ. ತಾಯಿ ನಡುವೆಯೇ ತಡೆದು, “ತಡಿಯೇ, ಇಷ್ಟೊತ್ತು ಬನ್ನಿ ಹೋಗಿ ಅಂತಿದ್ದವಳು ಈಗ ಬಾ ಅಂದ್ಲಲ್ಲ, ಏನಾಯ್ತು ಅವಳಿಗೆ?” ಎಂದು ಕೇಳಿದರಂತೆ. ನಕ್ಕಿದ್ದ ಸಹಪಾಠಿಗಳು ಆ ಸರಣಿಯನ್ನು ಎರಡೆರಡು ಸಲ ನೋಡಿದ್ದರು. ಅಲ್ಲಿ ಏನೋ ಬದಲಾಗಿದೆ ಎಂಬುದು ಅವರಿಗೆ ಅದುವರೆಗೆ ತಿಳಿದಿರಲಿಲ್ಲ.