ತಪ್ಪು ಹೆಸರು ಬಂದದ್ದು ಎಲ್ಲಿಂದ?

ಕೇಳುಗರೇ, ನಮಸ್ಕಾರ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಎಲ್ಲ ಯಂತ್ರಗಳ ಮೇಲೆ ಕಣ್ಣಿಡುವ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ‘ಲ್ಯಾಬ್ ಪ್ರಿಂಟರ್’ ಹೆಸರಿನ ಮುಂದೆ ಕೆಂಪು ಗುರುತು. ಓಡಿಹೋಗಿ ನೋಡಿದರೆ ಪ್ರಿಂಟರ್ ಚೆನ್ನಾಗೇ ಇದೆ. ಕೆಟ್ಟು ನಿಂತಿರುವುದು ಔಷಧಿ ಕೌಂಟರಿನ ಕಂಪ್ಯೂಟರ್. ಅಲ್ಲಿ ಜನ ಸಾಲುಗಟ್ಟಿ ಕಾಯುತ್ತಿದ್ದಾರೆ. ಹೆಸರು ತಪ್ಪಾದರೆ ಇಷ್ಟೆಲ್ಲಾ ಆಗುತ್ತದೆ.

ಸಾಫ್ಟ್‌ವೇರ್‌ಗೆ ಮೊದಲು ಸಿಗುವುದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಯಂತ್ರಕ್ಕೆ ಕೊಟ್ಟ ಸಂಖ್ಯೆ ಮಾತ್ರ. ಹೆಸರನ್ನು ಅದು ಬೇರೆಯವರನ್ನು ಕೇಳಿ ತಿಳಿಯುತ್ತದೆ. ಒಂದು, ಯಾವ ವಿಳಾಸಕ್ಕೆ ಯಾವ ಹೆಸರು ಅಂತ ದಾಖಲೆ ಇಡುವ ಡಿಎನ್‌ಎಸ್ ಸರ್ವರ್. ಇನ್ನೊಂದು, ಸಾಧನಗಳ ಮಾಹಿತಿ ಕೇಳುವ ವಿಧಾನವಾದ ಎಸ್‌ಎನ್‌ಎಂಪಿ ಮೂಲಕ ಆ ಸಾಧನವನ್ನೇ. ವಿಂಡೋಸ್ ಕಂಪ್ಯೂಟರ್ ಆದರೆ ಹೆಸರು ತಿಳಿಯುವ ಹಳೆಯ ಪದ್ಧತಿ ನೆಟ್‌ಬಯಾಸ್ ಕೂಡ ಉಂಟು. ಹಾಗಾಗಿ ತಪ್ಪು ಹೆಸರು ಕಂಡರೆ, ಅದನ್ನು ಹೇಳಿದ್ದು ಯಾರು ಅಂತ ಮೊದಲು ಹುಡುಕಿ.

ಹೆಚ್ಚಿನ ಸಲ ತಪ್ಪು ಇರುವುದು ಡಿಎನ್‌ಎಸ್‌ನಲ್ಲಿ. ಡಿಎಚ್‌ಸಿಪಿ ಸರ್ವರ್ ಯಂತ್ರಗಳಿಗೆ ಐಪಿ ವಿಳಾಸಗಳನ್ನು ಕೆಲವು ದಿನಗಳ ಬಾಡಿಗೆಗೆ ಕೊಡುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ನಾವು ಬದಲಿಸದಿದ್ದರೆ ಆ ಅವಧಿ 8 ದಿನ. ಆದರೆ ಡಿಎನ್‌ಎಸ್‌ನಲ್ಲಿ ಹಳೆಯ ದಾಖಲೆ ಅಳಿಸುವ ಸ್ಕಾವೆಂಜಿಂಗ್ ತಾನಾಗಿ ಶುರುವಾಗುವುದಿಲ್ಲ, ನಾವೇ ಆನ್ ಮಾಡಬೇಕು. ಮಾಡಿದರೂ, ಅವಧಿ ಬದಲಿಸದಿದ್ದರೆ, ಕನಿಷ್ಠ 14 ದಿನ ದಾಖಲೆ ಉಳಿದೇ ಇರುತ್ತದೆ. ಬಾಡಿಗೆದಾರ ಬದಲಾದರೂ ಬಾಗಿಲ ಮೇಲೆ ಹಳೇ ಹೆಸರಿನ ಫಲಕವೇ ಇದ್ದಂತೆ. ಕಮಾಂಡ್ ಪರದೆಯಲ್ಲಿ ‘ಎನ್‌ಎಸ್‌ಲುಕಪ್’ ಬರೆದು ಮುಂದೆ ಆ ಐಪಿ ಹಾಕಿ ನೋಡಿ. ಒಮ್ಮೊಮ್ಮೆ ಒಂದೇ ವಿಳಾಸಕ್ಕೆ ಎರಡು ಹೆಸರು ಬರುತ್ತವೆ. ಐಪಿಗೆ ಹೆಸರು ಹೇಳುವ ಈ ದಾಖಲೆಗೆ ಪಿಟಿಆರ್ ಅಂತಾರೆ; ಹಳೆಯದನ್ನು ಅಳಿಸಿಬಿಡಿ.

ಯಾವುದು ಹಳೆಯದು ಅಂತ ಹೇಗೆ ಗೊತ್ತಾಗುತ್ತದೆ? ಯಾವ ಐಪಿ ಈಗ ಯಾವ ಯಂತ್ರದ್ದು ಅಂತ ತೋರಿಸುವ ರೂಟರಿನ ಎಆರ್‌ಪಿ ಪಟ್ಟಿಯಲ್ಲಿ ಆ ಐಪಿಯ ಮುಂದೆ ಮ್ಯಾಕ್ ವಿಳಾಸ, ಅಂದರೆ ಯಂತ್ರದ ನೆಟ್‌ವರ್ಕ್ ಭಾಗದ ಗುರುತಿನ ಸಂಖ್ಯೆ ಇರುತ್ತದೆ. ಪ್ರಿಂಟರಾದರೆ ಹಿಂಬದಿಯ ಚೀಟಿಯಲ್ಲೋ ಅದರ ಸೆಟ್ಟಿಂಗ್ಸ್‌ನಲ್ಲೋ ಅದೇ ಸಂಖ್ಯೆ ಸಿಗುತ್ತದೆ. ಎರಡನ್ನೂ ತಾಳೆ ನೋಡಿ. ಮೊಬೈಲ್ ಫೋನುಗಳಿಗೆ ಮಾತ್ರ ಈ ದಾರಿ ನಂಬಬೇಡಿ. ಆಂಡ್ರಾಯ್ಡ್ 10, ಐಒಎಸ್ 14 ಬಂದ ಮೇಲೆ ವೈಫೈನಲ್ಲಿ ಅವು ಸಾಮಾನ್ಯವಾಗಿ ತೋರಿಸುವುದು ತಾವೇ ಹುಟ್ಟಿಸಿಕೊಂಡ ಮ್ಯಾಕ್ ವಿಳಾಸ.

ಯಂತ್ರಗಳನ್ನು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆಗಳಾದ ಸ್ವಿಚ್ಚುಗಳ ಕಥೆ ಬೇರೆ. ಹಳೆಯ ಸ್ವಿಚ್ಚಿನ ಕಾನ್ಫಿಗರೇಶನ್ ಅನ್ನು ಹೊಸದಕ್ಕೆ ನಕಲು ಮಾಡುತ್ತೇವೆ. ಅದರಲ್ಲಿ ಸ್ವಿಚ್ಚಿನ ಹೆಸರಿರುವ ಹೋಸ್ಟ್‌ನೇಮ್ ಸಾಲು ಬದಲಿಸುವುದು ಮರೆತುಹೋಗುತ್ತದೆ. ಆಗ ಡಿಎನ್‌ಎಸ್ ಸರಿ ಇದ್ದರೂ ಸ್ವಿಚ್ಚೇ ತನ್ನ ಹೆಸರನ್ನು ತಪ್ಪಾಗಿ ಹೇಳುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಇಂಥ ಎರಡು ಸ್ವಿಚ್ಚುಗಳನ್ನು ಒಂದೇ ಅಂತ ಭಾವಿಸುವುದೂ ಉಂಟು.

ಮೂಲದಲ್ಲಿ ಸರಿಪಡಿಸಿದ ಮೇಲೂ ಹಳೇ ಹೆಸರೇ ಕಂಡರೆ ಗಾಬರಿ ಬೇಡ. ಸಾಫ್ಟ್‌ವೇರ್ ಅದನ್ನು ನೆನಪಿಟ್ಟುಕೊಂಡಿರುತ್ತದೆ. ಅದು ಓಡುವ ಸರ್ವರ್‌ ನೆನಪಿಟ್ಟ ಹೆಸರುಗಳ ಪಟ್ಟಿಯನ್ನು, ಅಂದರೆ ಡಿಎನ್‌ಎಸ್ ಕ್ಯಾಶೆಯನ್ನು ಖಾಲಿ ಮಾಡಿ, ಸಾಧನಗಳನ್ನು ಹುಡುಕುವ ಡಿಸ್ಕವರಿ ಮತ್ತೊಮ್ಮೆ ನಡೆಸಿ. ಅವಸರಕ್ಕೆ ಬಿದ್ದು ಸುಮ್ನೆ ಪರದೆಯಲ್ಲೇ ಹೆಸರು ತಿದ್ದಬೇಡಿ ಅಂತ ನನ್ನ ಕಳಕಳಿಯ ಮಾತು. ನಾಳೆ ಆ ವಿಳಾಸ ಇನ್ನೊಂದು ಯಂತ್ರಕ್ಕೆ ಹೋದರೆ, ನೀವು ಬರೆದ ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ. ಎಷ್ಟೋ ಸಾಫ್ಟ್‌ವೇರ್‌ಗಳು ಕೈಯಿಂದ ಬರೆದ ಹೆಸರನ್ನು ತಾವಾಗಿ ಬದಲಿಸುವುದೇ ಇಲ್ಲ. ಅದರ ಬದಲು ಪ್ರಿಂಟರು, ಕೌಂಟರಿನ ಕಂಪ್ಯೂಟರುಗಳಿಗೆ ಡಿಎಚ್‌ಸಿಪಿಯಲ್ಲೇ ಅವುಗಳ ಮ್ಯಾಕ್ ವಿಳಾಸ ಹಾಕಿ, ಒಂದೊಂದು ಐಪಿ ಕಾಯ್ದಿರಿಸಿ.

ನಮಸ್ಕಾರ.