ಬೆಣ್ಣೆದೋಸೆಯ ಉದ್ದ ಎಷ್ಟು?

ಕೇಳುಗರಿಗೆ ನಮಸ್ಕಾರ. ‘ಬೆಣ್ಣೆದೋಸೆ’ ಎಂಬ ಪದದಲ್ಲಿ ಎಷ್ಟು ಅಕ್ಷರ? ದಾವಣಗೆರೆಯಲ್ಲಿ ಯಾವ ಮಗುವನ್ನು ಕೇಳಿದರೂ ಬೆರಳು ಮಡಿಸಿ ಹೇಳುತ್ತದೆ: ಬೆ, ಣ್ಣೆ, ದೋ, ಸೆ. ನಾಲ್ಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಉದ್ದ ಅಳೆಯುವ ‘ಲೆನ್’ ಇದನ್ನು 10 ಎನ್ನುತ್ತದೆ. ಗೋ ಭಾಷೆಯಲ್ಲೂ ‘ಲೆನ್’ ಇದೆ, ಅದರ ಲೆಕ್ಕ 30. ಮೂರೂ ಸರಿಯೇ, ಎಣಿಸಿದ್ದು ಮಾತ್ರ ಬೇರೆ ಬೇರೆ.

ಪೈಥಾನ್ ಎಣಿಸುವುದು ಜಗತ್ತಿನ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯ ಸಂಕೇತಗಳನ್ನು. ‘ಣ್ಣೆ’ ಒಂದರಲ್ಲೇ ನಾಲ್ಕು ಸಂಕೇತ: ಣ, ಹಲಂತದ ಚಿಹ್ನೆ, ಇನ್ನೊಂದು ಣ, ಎತ್ವ. ಗೋ ಎಣಿಸುವುದು ಅವು ಕಂಪ್ಯೂಟರಿನಲ್ಲಿ ಹಿಡಿಯುವ ಜಾಗದ ಅಳತೆಯಾದ ಬೈಟ್‌ಗಳನ್ನು. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದು ಸಾಕು.

ಹೋಟೆಲ್ ಬಿಲ್ಲಿನಲ್ಲಿ ತಿಂಡಿಯ ಹೆಸರಿಗೆ 20 ಬೈಟ್ ಜಾಗ ಇಟ್ಟಿದ್ದೀರಿ ಅನ್ನಿ. 18ಕ್ಕೆ ‘ಬೆಣ್ಣೆ’ ಮುಗಿಯುತ್ತದೆ. ಉಳಿದ ಎರಡು ಬೈಟ್ ‘ದ’ಕಾರದ ಮುರಿದ ತುಂಡು, ಅಲ್ಲಿ ಪ್ರಶ್ನಾರ್ಥಕವಿರುವ ಕಪ್ಪು ವಜ್ರಾಕೃತಿಯೋ ಖಾಲಿ ಚೌಕವೋ ಬರುತ್ತದೆ. ಬೆಣ್ಣೆ ಉಳಿಯಿತು, ದೋಸೆ ಹೋಯಿತು! ಸಂಕೇತ ಎಣಿಸಿ ಕತ್ತರಿಸಿದರೂ ಪೂರ್ತಿ ಪರಿಹಾರವಿಲ್ಲ: ನಾಲ್ಕಕ್ಕೆ ಕತ್ತರಿಸಿದರೆ ‘ಬೆಣ್’, ಐದಕ್ಕೆ ‘ಬೆಣ್ಣ’. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ಸಂಕೇತಗಳ ಗುಂಪನ್ನು, ಅಂದರೆ ಗ್ರಾಫೀಮನ್ನು, ಎಣಿಸುವ ಲೈಬ್ರರಿಗಳು ಗುಣಿತವನ್ನು ಕಾಪಾಡುತ್ತವೆ, ಆದರೆ ಒತ್ತಕ್ಷರವನ್ನು ಹಲಂತದ ಬಳಿ ಒಡೆಯುವುದುಂಟು. ಬಳಸುವ ಮುನ್ನ ‘ಚಿತ್ರದುರ್ಗ’ ಕೊಟ್ಟು ನೋಡಿ. ನಾಲ್ಕು ಬಂದರೆ ಧೈರ್ಯವಾಗಿ ಬಳಸಿ.

ಇನ್ನು ಆ ‘ದೋ’. ಅದರ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿದರೆ ಮಾತ್ರ ಕಂಪ್ಯೂಟರ್ ‘ಬೇರೆ’ ಅನ್ನುತ್ತದೆ. ಮಂಡಿ ಲೆಕ್ಕದಲ್ಲಿ ಮೆಕ್ಕೆಜೋಳ ಕಣ್ಣೆದುರೇ ಇದ್ದರೂ ಹುಡುಕಿದರೆ ಸಿಗದಿರಲು ಇದೂ ಒಂದು ಕಾರಣ. ಪಠ್ಯವನ್ನು ಉಳಿಸುವಾಗಲೂ ಹುಡುಕುವಾಗಲೂ, ಇಂಥ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ; ಪೈಥಾನಿನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಈ ಕೆಲಸ ಮಾಡುತ್ತದೆ. ಒಂದು ಕಡೆ ಮಾಡಿ ಇನ್ನೊಂದು ಕಡೆ ಬಿಟ್ಟರೆ ಮಾಡಿದ್ದೂ ದಂಡ.

ಪ್ರೋಗ್ರಾಮಿನ ಫೈಲಿನೊಳಗೇ ಕನ್ನಡ ಬರೆದರೆ? ಪೈಥಾನ್ 3 ಮತ್ತು ಗೋ ಅದನ್ನು ಯುಟಿಎಫ್-8 ಎಂದೇ ಓದುತ್ತವೆ. ಪೈಥಾನ್ 2ಕ್ಕೆ ಮೊದಲ ಅಥವಾ ಎರಡನೇ ಸಾಲಿನಲ್ಲಿ ಹೇಳಲೇಬೇಕಿತ್ತು. 2022ರಲ್ಲಿ ಬಂದ ಜಾವಾ 18ಕ್ಕಿಂತ ಹಳೆಯದು ಬೈಟ್ ಓದುವ ಪದ್ಧತಿ, ಅಂದರೆ ಎನ್‌ಕೋಡಿಂಗ್, ಯಾವುದೆಂದು ವಿಂಡೋಸ್ ಹೇಳಿದ್ದನ್ನು ನಂಬುತ್ತದೆ; ಕಂಪೈಲ್ ಮಾಡುವಾಗ ಎನ್‌ಕೋಡಿಂಗ್ ಆಯ್ಕೆಯನ್ನು ನೀವೇ ಕೊಡಬೇಕು. ಕೊಡದಿದ್ದರೆ ಕನ್ನಡದ ಬದಲು, ತಲೆ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ‘ಎ’ಗಳ ಸಾಲು ಬರುತ್ತದೆ. ಪಠ್ಯ ಫೈಲಿನಲ್ಲಿ ಇದು ಕಂಡರೆ ಗಾಬರಿ ಬೇಡ, ಬೈಟ್‌ಗಳು ಹಾಗೇ ಇವೆ. ಸೇವ್ ಮಾಡದೆ ಮುಚ್ಚಿ, ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆಯಿರಿ. ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಸೇವ್ ಆಗಿದ್ದರೆ ಮಾತ್ರ ಕನ್ನಡ ಆಗಲೇ ಅಳಿಸಿಹೋಗಿದೆ. ಮೂಲ ಪ್ರತಿಯನ್ನೇ ಹುಡುಕಬೇಕು.