ಹೊರಡುವ ಮೊದಲು ಬರೆಯುವ ಎರಡು ಪುಟ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಯಲ್ಲಾಪುರ, ಸಿದ್ದಾಪುರದ ಕಡೆಯಿಂದ ಬಸ್ ಹಿಡಿದು ಶಿರಸಿಗೆ ಬಂದಿದ್ದೀರಿ. ತೋಟಕ್ಕೆ ಮದ್ದು ಹೊಡೆಯುವ ದಿನಗಳು. ಆದರೂ ಅಪ್ಪ-ಅಮ್ಮಂದಿರು ಬಿಡುವು ಮಾಡಿಕೊಂಡು ಮಕ್ಕಳ ಪಕ್ಕ ಕೂತಿದ್ದಾರೆ. ಹಾಗಾಗಿ ಹೊರದೇಶಕ್ಕೆ ಓದಲು ಹೋಗುವ ವಿಷಯಕ್ಕೆ ಸೀದಾ ಬರುತ್ತೇನೆ.

ನಾನು ಇದೇ ಊರಲ್ಲಿ ಅರಣ್ಯಶಾಸ್ತ್ರ ಓದಿದವನು. ಸ್ನಾತಕೋತ್ತರ ಪದವಿಗೆ ಜರ್ಮನಿಗೆ ಹೋದೆ. ಡ್ರೆಸ್ಡೆನ್ ಹತ್ತಿರ ಥರಾಂಟ್ ಅಂತ ಒಂದು ಸಣ್ಣ ಊರು, ಸುತ್ತಲೂ ಕಾಡು. 1811ರಿಂದ ಅಲ್ಲಿ ಕಾಡಿನ ಪಾಠ ನಡೆಯುತ್ತಿದೆ. 1864ರಲ್ಲಿ ನಮ್ಮ ದೇಶದ ಮೊದಲ ಅರಣ್ಯ ಮಹಾನಿರೀಕ್ಷಕರಾದ ಡೀಟ್ರಿಶ್ ಬ್ರಾಂಡಿಸ್ ಕೂಡ ಜರ್ಮನಿಯವರೇ. ನಮ್ಮ ಕಾಡಿಗೆ ಲೆಕ್ಕಪತ್ರ ಬಂದ ದಾರಿಯಲ್ಲೇ ನಾನು ತಿರುಗಿ ನಡೆದು ಹೋದ ಹಾಗಾಯಿತು.

ಯಾವ ಪರೀಕ್ಷೆ, ಎಷ್ಟು ಅಂಕ, ಯಾವ ವೀಸಾ ಎಂಬುದೆಲ್ಲ ಮೊಬೈಲ್‌ನಲ್ಲಿ ಹುಡುಕಿದರೆ ಸಿಗುತ್ತದೆ. ನನಗೆ ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ಅರ್ಜಿಯ ಜೊತೆ, ನೀವು ಅಲ್ಲಿ ಯಾಕೆ ಓದಬೇಕು ಅಂತ ಹೇಳುವ ಎರಡು ಪುಟದ ಪತ್ರ ಕೇಳುತ್ತಾರೆ. ಅಮೆರಿಕದವರು ಎಸ್‌ಒಪಿ ಅಂತಾರೆ, ಜರ್ಮನಿಯವರು ಮೋಟಿವೇಶನ್ ಲೆಟರ್ ಅಂತಾರೆ. ಆ ಎರಡು ಪುಟ ನೀವೇ ಬರೆಯಬೇಕು, ದಯವಿಟ್ಟು.

ನಾನು ಮೊದಲು ಬರೆಸಿದ್ದು ಏಜೆಂಟರೊಬ್ಬರ ಹತ್ತಿರ. ದುಡ್ಡು ಕೊಟ್ಟೆ, ಎರಡೇ ದಿನಕ್ಕೆ ಪತ್ರ ಬಂತು. ಬಾಲ್ಯದಿಂದಲೂ ನನಗೆ ಪ್ರಕೃತಿಯ ಮೇಲೆ ಅಪಾರ ಪ್ರೀತಿ, ನಿಮ್ಮ ವಿಶ್ವವಿದ್ಯಾಲಯ ಜಗತ್ಪ್ರಸಿದ್ಧ ಅಂತೆಲ್ಲ ಇತ್ತು. ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಅದನ್ನು ಕಾಲೇಜಿನ ಸರ್ ಒಬ್ಬರಿಗೆ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ತಮಾ, ಇದರಲ್ಲಿ ನೀನು ಎಲ್ಲಿದ್ದೀಯೋ? ಇದನ್ನೇ ನಿನ್ನ ಪಕ್ಕದ ಬೆಂಚಿನವನೂ ಕಳಿಸಬಹುದಲ್ಲ?"

ಆ ರಾತ್ರಿ ಮನೆಯ ಜಗಲಿಯಲ್ಲಿ ಕೂತು ಮತ್ತೆ ಬರೆಯಲು ಶುರು ಮಾಡಿದೆ. ಏನು ಬರೆಯುವುದು? ನನಗೆ ಗೊತ್ತಿದ್ದದ್ದು ದೊಡ್ಡಪ್ಪನ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ಕಡಿಯುವ ಕಾಡು. ನಿಮಗೆಲ್ಲ ಗೊತ್ತು, ನಮ್ಮ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಲೆಕ್ಕ. ಸೊಪ್ಪು ಅಲ್ಲಿಂದ ಬರಬೇಕು, ಕೊಟ್ಟಿಗೆಗೆ ಹೋಗಬೇಕು, ಗೊಬ್ಬರವಾಗಿ ತೋಟಕ್ಕೆ ಇಳಿಯಬೇಕು. ಪದವಿಯ ಕೊನೆಯ ಎರಡು ವರ್ಷ ನಾನು ಆ ಬೆಟ್ಟದಲ್ಲಿ ನಲವತ್ತು ಮರಗಳಿಗೆ ಸುಣ್ಣದಲ್ಲಿ ನಂಬರ್ ಹಾಕಿದ್ದೆ. ಮತ್ತಿ, ಹೊನ್ನೆ, ನಂದಿ, ಕವಲು, ನೇರಳೆ. ಯಾವುದನ್ನು ಪ್ರತಿ ವರ್ಷ ಕಡಿದಿದ್ದಾರೆ, ಯಾವುದಕ್ಕೆ ಒಂದು ವರ್ಷ ಬಿಡುವು ಕೊಟ್ಟಿದ್ದಾರೆ, ಯಾವುದು ಹೇಗೆ ಚಿಗುರಿದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಗೀಚಿಕೊಂಡಿದ್ದೆ. ಬಿಡುವು ಸಿಕ್ಕ ಮರಗಳು ಚಿಗುರಿದಷ್ಟು ಉಳಿದವು ಚಿಗುರಿರಲಿಲ್ಲ. ಇಷ್ಟೇ ನನ್ನ ಬಂಡವಾಳ.

ಅದನ್ನೇ ಬರೆದೆ. ಮರದ ಲೆಕ್ಕ ನಾನು ಮಾಡಿದ್ದೇನೆ, ಆದರೆ ಕೆಳಗಿನ ಮಣ್ಣಿನಲ್ಲಿ ಏನಾಗುತ್ತಿದೆ ಎಂದು ಅಳೆಯಲು ನನಗೆ ಬರುವುದಿಲ್ಲ, ಅದನ್ನು ಕಲಿಯಲು ನಿಮ್ಮಲ್ಲಿಗೆ ಬರಬೇಕು ಅಂತ. ನನಗೆ ಬರದಿರುವುದನ್ನು ಬರೆಯಲು ತುಂಬಾ ಅಳುಕಿತ್ತು. ಅಲ್ಲಿಗೆ ಹೋದ ಮೊದಲ ವಾರ ಪ್ರಾಧ್ಯಾಪಕರೊಬ್ಬರು ಕೈ ಕುಲುಕಿ ಕೇಳಿದ್ದು ಹೆಸರನ್ನಲ್ಲ. "ಮರಕ್ಕೆ ಸುಣ್ಣ ಹಚ್ಚಿದ ಹುಡುಗ ನೀನೇನಾ?" ಅಂತ ಕೇಳಿದರು.

ನಿಮ್ಮಲ್ಲೂ ಇಂಥದ್ದು ಇದ್ದೇ ಇದೆ. ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಸಮುದ್ರದ ನೀರು ನುಗ್ಗುವ ಗದ್ದೆಯಲ್ಲಿ, ಉಪ್ಪುನೀರು ತಡೆದು ನಿಲ್ಲುವ ಕಗ್ಗ ಭತ್ತ ಬೆಳೆಯುವ ಮನೆಯ ಹುಡುಗಿಗೆ, ಸಮುದ್ರ ಏರುತ್ತಿರುವ ಈ ಕಾಲದಲ್ಲಿ ಎಂಥ ದೊಡ್ಡ ಪ್ರಶ್ನೆ ಕೈಯಲ್ಲಿದೆ ನೋಡಿ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿರುವವರು ಕಾಳಿ ಸಮುದ್ರ ಸೇರುವ ಜಾಗವನ್ನು ದಿನಾ ನೋಡುತ್ತಾರೆ. ಕಂಪ್ಯೂಟರ್ ಓದಿದವರೂ ಅಷ್ಟೇ. ಕೊಳೆರೋಗ ಬಂದ ಅಡಿಕೆ ಗೊನೆಯನ್ನು ಫೋಟೋದಲ್ಲಿ ಗುರುತಿಸುವ ಪ್ರೋಗ್ರಾಂ ಬರೆಯಲು ಹೋಗಿ ಸೋತಿದ್ದರೆ, ಆ ಸೋಲನ್ನೇ ಬರೆಯಿರಿ. ಯಾಕೆ ಸೋತಿತು ಅಂತಲೂ ಬರೆಯಿರಿ.

ಶಿಫಾರಸು ಪತ್ರದ್ದೂ ಇದೇ ಕಥೆ. ದೊಡ್ಡ ಹುದ್ದೆಯವರ ಸಹಿಗೆ ಅಲೆಯಬೇಡಿ. ನಿಮ್ಮ ಕೆಲಸ ಕಣ್ಣಾರೆ ಕಂಡವರನ್ನು ಕೇಳಿ, ಎರಡು ತಿಂಗಳು ಮೊದಲೇ ಕೇಳಿ.

ಈಗ ದುಡ್ಡಿನ ಮಾತು. ಇದು ಅಪ್ಪ-ಅಮ್ಮಂದಿರಿಗೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಕೆಲವು ಕಡೆ ಇದೆ, ಉದಾಹರಣೆಗೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಹಾಗಂತ ಪುಕ್ಕಟೆ ಅಂದುಕೊಳ್ಳಬೇಡಿ. ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟ್ ಅಂತ ಒಂದು ಖಾತೆಗೆ ವರ್ಷದ ಖರ್ಚು ಕಟ್ಟಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಯೂರೋಗೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಅದು ಫೀಸ್ ಅಲ್ಲ, ನಿಮ್ಮದೇ ದುಡ್ಡು. ಹೋದ ಮೇಲೆ ತಿಂಗಳಿಗೆ 992ರಂತೆ ಮಕ್ಕಳ ಕೈಗೆ ಬರುತ್ತದೆ, ಬಾಡಿಗೆಗೆ, ಊಟಕ್ಕೆ, ವಿಮೆಗೆ ಖರ್ಚಾಗುತ್ತದೆ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅವಕಾಶ ಇದೆ, ಆದರೆ ಮೊದಲ ಆರು ತಿಂಗಳು ಆ ಸಂಪಾದನೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಭಾಷೆ ಬರದೆ ಕೆಲಸ ಸಿಗುವುದು ಕಷ್ಟ.

ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ಮಾಸ್ಟರ್ಸ್‌ಗೆ ಹೆಚ್ಚಾಗಿ ಕೈಯಿಂದಲೇ ಕಟ್ಟಬೇಕು. ಪಿಎಚ್‌ಡಿಗೆ ಮಾತ್ರ, ಅದರಲ್ಲೂ ವಿಜ್ಞಾನದ ವಿಷಯಗಳಲ್ಲಿ, ಸಾಮಾನ್ಯವಾಗಿ ಫೀಸ್ ಮಾಫಿ ಮಾಡಿ ತಿಂಗಳ ವೇತನ ಕೊಡುತ್ತಾರೆ. ನಾಲ್ಕು ವರ್ಷದ ಪದವಿ ಮುಗಿಸಿದವರು ಎಷ್ಟೋ ಕಡೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಇದು ನಮ್ಮ ಊರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ, ನನಗೆ ಅದರ ಸಂಕಟ ಇದೆ. ಯುರೋಪಿನ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕರೆ ಫೀಸ್ ಇಲ್ಲ, ತಿಂಗಳಿಗೆ 1,400 ಯೂರೋ ಕೊಡುತ್ತಾರೆ. ಪರಿಶಿಷ್ಟ ಜಾತಿಯ, ಭೂಮಿ ಇಲ್ಲದ ಕೃಷಿ ಕಾರ್ಮಿಕರ, ಸಾಂಪ್ರದಾಯಿಕ ಕುಶಲಕರ್ಮಿಗಳ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ತೋಟ ಅಡವಿಡುವ ಮೊದಲು ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ನೋಡಿ. ಇನ್ನೊಂದು ಮಾತು, ಎಷ್ಟೋ ಏಜೆಂಟರಿಗೆ ಕಮಿಷನ್ ಬರುವುದು ಫೀಸ್ ಜಾಸ್ತಿ ಇರುವ ಆ ಕಡೆಯ ಕಾಲೇಜುಗಳಿಂದ. ತಮಗೆ ದುಡ್ಡು ಕೊಡದ ಜಾಗದ ಹೆಸರು ಅವರು ಯಾಕೆ ಹೇಳುತ್ತಾರೆ, ಅಲ್ವಾ?

ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸುವುದು ಹೇಗೆ ಅಂತ ಬಾಗಿಲಲ್ಲೇ ಒಬ್ಬರು ಆಯಿ ಕೇಳಿದರು. ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರೇ ಇದ್ದರು. ಕೀನ್ಯಾದವಳು, ನೇಪಾಳದವಳು, ಪೆರುವಿನವಳು. ಎಲ್ಲರಿಗೂ ಮನೆಯಲ್ಲಿ ಒಬ್ಬ ಆಯಿ ಇದ್ದಳು.

ಕೊನೆಯದಾಗಿ ಕಾಗದಪತ್ರ. ನಾನು ಎಡವಿದ್ದು ಇಲ್ಲಿಯೇ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇಂಗ್ಲಿಷ್‌ನಲ್ಲಿ 'ಹೆಗಡೆ' ಅಂತ ಬರೆಯುವಾಗ ನಡುವೆ ಒಂದು 'ಎ' ಅಕ್ಷರ ಇತ್ತು, ಪಾಸ್‌ಪೋರ್ಟ್‌ನಲ್ಲಿ ಇರಲಿಲ್ಲ. ಪದವಿ ಪ್ರಮಾಣಪತ್ರದಲ್ಲಿ ಊರಿನ ಇನಿಷಿಯಲ್ ಮುಂದೆ, ಅಪ್ಪನ ಹೆಸರು ಹಿಂದೆ. ಇವೆಲ್ಲ ಒಬ್ಬನದೇ ಅಂತ ಸಾಬೀತು ಮಾಡಲು ಅಫಿಡವಿಟ್, ತಿದ್ದುಪಡಿ ಅಂತ ನಾಲ್ಕು ತಿಂಗಳು ಹೋಯಿತು, ಜೊತೆಗೆ ಒಂದು ವರ್ಷದ ಪ್ರವೇಶವೂ ಹೋಯಿತು. ಈಗ ಜರ್ಮನಿಗೆ ಹೋಗುವವರ ದಾಖಲೆಗಳನ್ನು 2022ರ ನವೆಂಬರ್‌ನಿಂದ ಎಪಿಎಸ್ ಎಂಬ ಕಚೇರಿ ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕು. ಅದಕ್ಕೂ ಸಮಯ ಬೇಕು. ಹಾಗಾಗಿ ಒಂದೂವರೆ ವರ್ಷ ಮೊದಲೇ ಶುರು ಮಾಡಿ.

ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ತಂದವರು ಚಹಾ ಕುಡಿದು ಮುಂದಿನ ಸಾಲಿಗೆ ಬನ್ನಿ. ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸೋಣ. ಪತ್ರದ ಕರಡು ತಂದವರು ಅದನ್ನೂ ಕೊಡಿ, ಕನ್ನಡದಲ್ಲಿ ಬರೆದಿದ್ದರೂ ಆಯ್ತು. ಕೊನೆಯ ಬಸ್ ಹೊರಡುವವರೆಗೂ ನಾನು ಇಲ್ಲೇ ಇರುತ್ತೇನೆ.